ಬೋರ್ಡ್ 30% ಬರದದ, ಡಿಸೆಬಿಲಿಟಿ ಪೆನ್ಶನ್ ಇಲ್ಲ ಅಂದಾರ. ಮುಂದೇನ್ರಿ?

ಆಳಂದದಿಂದ:
ನಮ್ಮ ಕಾಕಾ 2019ರಾಗ ಸೈನ್ಯದಾಗ ಹವಾಲ್ದಾರರಾಗಿ ಸೇವೆ ಮುಗಿಸಿ ಬಂದಾರ. ಭರ್ತಿಯಾಗುವಾಗ ಬಿಪಿ ಇರಲಿಲ್ಲ. ಬಿಡುವಾಗ ಮೆಡಿಕಲ್ ಬೋರ್ಡ್ ‘ಬಿಪಿ, 30%, ಜೀವನಪರ್ಯಂತ’ ಅಂತ ಬರದು, ಸೇವೆಯಿಂದ ಬಂದದ್ದೂ ಅಲ್ಲ, ಹೆಚ್ಚಾದದ್ದೂ ಅಲ್ಲ ಅಂದದ. ಸರ್ವಿಸ್ ಪೆನ್ಶನ್ ಬರ್ತದ. ಅಪೀಲ್ ಹಾಕಿಲ್ಲ.

ಬೀದರ್, ಪೆನ್ಶನ್ ಕಾಗದದ ಕೆಲಸ:
ಮೊದಲು ಬೋರ್ಡಿನ ಪೂರ್ತಿ ಕಾಗದ ತರಿಸ್ರಿ. ಫಾರಂ ಹೆಸರು ಎಎಫ್‌ಎಂಎಸ್‌ಎಫ್-16. ಮನ್ಯಾಗ ಇಲ್ಲಂದ್ರ ರೆಕಾರ್ಡ್ ಆಫೀಸಿಗೆ 10 ರೂಪಾಯಿ ಶುಲ್ಕದ ಆರ್‌ಟಿಐ ಹಾಕ್ರಿ. ಜೊತೆಗೆ ಭರ್ತಿ ವೇಳೆಯ ವೈದ್ಯಕೀಯ ದಾಖಲೆನೂ ಕೇಳ್ರಿ.

ಕೈಗೆ ಬಂದ ಮ್ಯಾಲ ಎರಡು ಜಾಗ ನೋಡ್ರಿ. ಒಂದು, ಎಲ್ಲೆಲ್ಲಿ ಪೋಸ್ಟಿಂಗ್ ಅಂತ ಇರುವ ಪಟ್ಟಿ. ಪ್ರತಿ ಜಾಗದ ಮುಂದ ಪೀಸ್‌ಗೆ (ಶಾಂತಿಯ ಜಾಗ) ‘ಪಿ’, ಫೀಲ್ಡ್‌ಗೆ (ಗಡಿಯಂಥ ಕಠಿಣ ಜಾಗ) ‘ಎಫ್’ ಇರ್ತದ. ಬಿಪಿ ಮೊದಲು ಕಂಡ ದಿನಾಂಕ ಅದರ ಪಕ್ಕ ಇಟ್ಟು ನೋಡ್ರಿ. ಫೀಲ್ಡ್‌ನಾಗ ಇದ್ದಾಗ, ಇಲ್ಲಾ ಅಲ್ಲಿಂದ ಬಂದ ಕೂಡಲೇ ಶುರುವಾಗಿದ್ರ ಅಪೀಲಿನ ಮೊದಲ ಪ್ಯಾರಾನೇ ಅದು. ಎರಡು, ಬೋರ್ಡ್ ಕೊಟ್ಟ ಕಾರಣ. ‘ಪೀಸ್ ಜಾಗದಾಗ ಶುರುವಾಯ್ತು’ ಅಂತ ಒಂದೇ ಸಾಲು ಇರೋದು ಬಹಳ. ಅದು ಕಾರಣವೇ ಅಲ್ಲ. ಭರ್ತಿಯಾಗುವಾಗ ರೋಗದ ನಮೂದು ಇಲ್ಲದಿದ್ರ ಸಿಪಾಯಿ ಆರೋಗ್ಯವಾಗಿದ್ದ ಅಂತಲೇ ಹಿಡೀಬೇಕು, ಸಂಶಯದ ಲಾಭ ಅವನಿಗೇ ಅಂತ ಸುಪ್ರೀಂ ಕೋರ್ಟ್ 2013ರ ಧರ್ಮವೀರ್ ಸಿಂಗ್ ತೀರ್ಪಿನಾಗ ಹೇಳ್ಯಾದ.

ಕಲಬುರಗಿ, ಲೆಕ್ಕದ ಬಗ್ಗೆ:
ಶೇ. 20ಕ್ಕಿಂತ ಕಡಿಮೆ ಇದ್ದಿದ್ರ ಕಷ್ಟ ಇತ್ತು. 30% ಅಂದ್ರ ಬಾಗಿಲು ತೆರೆದದ. ರೌಂಡಿಂಗ್ ಬಿಡಬ್ಯಾಡ್ರಿ: 50ಕ್ಕಿಂತ ಕಡಿಮೆ ಇದ್ದದ್ದು 50 ಆಗ್ತದ. ಸೇವಾ ಅವಧಿ ಮುಗಿಸಿ ಬಂದವರಿಗೂ ಇದು ಸಲ್ತದ ಅಂತ 2014ರ ಡಿಸೆಂಬರ್ 10ರ ರಾಮ್ ಅವತಾರ್ ತೀರ್ಪು ಅದ. ಕೊನೆಯ ಮೂಲ ವೇತನ, ಮಿಲಿಟರಿ ಸರ್ವಿಸ್ ಪೇ ಕೂಡಿ 45,000 ಅಂತ ಹಿಡೀರಿ. ನೂರಕ್ಕ ನೂರು ಇದ್ರ ಅದರ ಶೇ. 30, ಅಂದ್ರ 13,500. 30%ಗೆ 4,050, ರೌಂಡಿಂಗ್ ಆದ್ರ 6,750. ಮ್ಯಾಲ ತುಟ್ಟಿಭತ್ಯೆ ಬ್ಯಾರೆ. ಅರ್ಜಿಯಾಗ ‘ರೌಂಡಿಂಗ್ ಸಹಿತ’ ಅಂತ ಬರದೇ ಬರೀರಿ.

ಆಳಂದದಿಂದ:
ಇಷ್ಟು ವರ್ಷ ಆಗ್ಯಾದ, ಈಗ ತಗೋತಾರಾ? ಡಿಸೆಬಿಲಿಟಿ ಪೆನ್ಶನ್ನಿನ 2023ರ ಹೊಸ ನಿಯಮ ಅಡ್ಡ ಬರ್ತದಾ?

ಬೀದರ್, ಪೆನ್ಶನ್ ಕಾಗದದ ಕೆಲಸ:
ಅಡ್ಡ ಬರಲ್ಲ. ಅದು 2023ರ ಸೆಪ್ಟೆಂಬರ್ 21ರ ನಂತರ ಸೇವೆ ಬಿಟ್ಟವರಿಗೆ. ಮೊದಲ ಅಪೀಲಿಗೆ ಆರು ತಿಂಗಳ ಗಡುವು ಇತ್ತು. ಈಗ ತಡವಾದ ಕಾರಣ ಸೇರಿಸಿ ಹಾಕ್ರಿ. ಅಲ್ಲೂ ಆಗದಿದ್ರ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಕೊಚ್ಚಿ ಪೀಠ. ಪೆನ್ಶನ್ ತಿಂಗಳು ತಿಂಗಳು ತಪ್ಪುವ ಹಕ್ಕು, ಹಂಗಾಗಿ ತಡವನ್ನ ಮನ್ನಿಸ್ತಾರ. ಆದ್ರ ಬಾಕಿ ಹಣ ಸಾಮಾನ್ಯವಾಗಿ ಅರ್ಜಿ ಹಾಕಿದ ದಿನದಿಂದ ಹಿಂದಿನ ಮೂರು ವರ್ಷದ್ದೇ. ಕಾಕಾರಿಗೆ ಹೇಳಿ ಈ ವಾರವೇ ಆರ್‌ಟಿಐ ಹಚ್ರಿ.