ಮಿಥೈಲ್ ಬ್ರೋಮೈಡ್ ಹಾಕಿದ ಕಂಟೇನರ್ ಬಾಗಿಲು ತೆಗೆಯುವುದು ಹೇಗೆ? ಅನುಭವ ಇದ್ದವರು ಹೇಳಿ

ಕೇಳಿದವರು (ಗೇರುಬೀಜ ಕಾರ್ಖಾನೆ, ದಕ್ಷಿಣ ಕನ್ನಡ)

ನಾನು ಗೋಡೌನ್ ಸೂಪರ್‌ವೈಸರ್ ಆಗಿ ಸೇರಿ ಎರಡು ತಿಂಗಳಾಯಿತು. ಆಫ್ರಿಕಾದ ಕಚ್ಚಾ ಗೇರುಬೀಜ ಮಂಗಳೂರು ಬಂದರಿನಿಂದ ಕಂಟೇನರ್ ಸಮೇತ ನಮ್ಮಲ್ಲಿಗೆ ಬರುತ್ತದೆ. ಮೊನ್ನೆ ಬಂದ ಒಂದರ ಬಾಗಿಲಲ್ಲಿ ತಲೆಬುರುಡೆಯ ಸ್ಟಿಕ್ಕರ್, ಅದರಲ್ಲಿ ಮಿಥೈಲ್ ಬ್ರೋಮೈಡ್ ಅಂತ ಬರೆದಿತ್ತು. ನಮ್ಮ ಹುಡುಗರು ಬಾಗಿಲು ಚೂರು ತೆಗೆದು ಮೂಗು ಹಾಕಿದರು. "ವಾಸನೆ ಇಲ್ಲ ಸರ್, ಓಕೆ" ಅಂತ ಒಳಗೆ ಹತ್ತಿಯೇಬಿಟ್ಟರು. ಏನೂ ಆಗಲಿಲ್ಲ. ಆದರೂ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇದು ಎಂಥ ವಸ್ತು? ಎಷ್ಟು ಹೊತ್ತು ಕಾಯಬೇಕು? ಮಾಸ್ಕ್ ಸಾಕಾ?

ಗ್ಯಾಸ್ ಹಾಕುವ ಕೆಲಸದಲ್ಲಿ 14 ವರ್ಷ ಇರುವವರು

ಮಾರಾಯ್ರೆ, ಅದು ಸರಕಿನ ಹುಳ ಸಾಯಿಸಲು ಹಾಕುವ ವಿಷದ ಗ್ಯಾಸ್. ನಿಮ್ಮ ಹುಡುಗರು ಮೂಗು ಹಾಕಿದ್ದು ಯಾಕೆ ಗೊತ್ತಾ? ಅವರಿಗೆ ಮಾತ್ರೆಯ ಗ್ಯಾಸ್ ಅಭ್ಯಾಸ. ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಇಟ್ಟ ಗೋಡೌನಿನಲ್ಲಿ ಬೆಳ್ಳುಳ್ಳಿಯದ್ದೋ ಕೊಳೆತ ಮೀನಿನದ್ದೋ ವಾಸನೆ ಬರುತ್ತದೆ. ಅದು ಹೋದರೆ ಗ್ಯಾಸ್ ಹೋಯಿತು ಅಂತ ಅವರ ಲೆಕ್ಕ. ಮಾತ್ರೆಯ ವಿಷಯದಲ್ಲೇ ಆ ಲೆಕ್ಕ ಸರಿಯಲ್ಲ. ಮಿಥೈಲ್ ಬ್ರೋಮೈಡಿಗಂತೂ ನಡೆಯುವುದೇ ಇಲ್ಲ. ಅದಕ್ಕೆ ಬಣ್ಣವಿಲ್ಲ. ಅಪಾಯದ ಮಟ್ಟದಲ್ಲಿದ್ದರೂ ವಾಸನೆ ಇಲ್ಲದಂತೆಯೇ ಇರುತ್ತದೆ. ತುಂಬಾ ಜಾಸ್ತಿಯಾದಾಗ ಮಾತ್ರ ಒಂಥರಾ ಸಿಹಿ ವಾಸನೆ.

ಕೆಲವು ಸಿಲಿಂಡರಿನಲ್ಲಿ 2% ಕ್ಲೋರೋಪಿಕ್ರಿನ್ ಬೆರೆಸಿರುತ್ತಾರೆ, ಕಣ್ಣು ಉರಿದು ಎಚ್ಚರವಾಗಲಿ ಅಂತ. ಅದನ್ನೂ ನಂಬಬೇಡಿ. ಕ್ಲೋರೋಪಿಕ್ರಿನ್ ಸರಕಿಗೆ ಹೀರಿಕೊಂಡು ಮೊದಲೇ ಕಡಿಮೆಯಾಗಬಹುದು, ಅಸಲು ಗ್ಯಾಸ್ ಉಳಿದಿರುತ್ತದೆ.

ಎಷ್ಟು ಹಾಕುತ್ತಾರೆ ಅಂತ ಒಂದು ಅಂದಾಜು ಕೊಡುತ್ತೇನೆ. ಪ್ಯಾಕಿಂಗ್ ಮರಕ್ಕಾದರೆ 21 ಡಿಗ್ರಿ ಮೇಲಿನ ಸೆಖೆಯಲ್ಲಿ ಘನ ಮೀಟರಿಗೆ 48 ಗ್ರಾಂ, 24 ಗಂಟೆ. 20 ಅಡಿ ಕಂಟೇನರ್ ಅಂದರೆ ಸುಮಾರು 33 ಘನ ಮೀಟರ್. ಅಲ್ಲಿಗೆ ಒಂದೂವರೆ ಕಿಲೋಗಿಂತ ಜಾಸ್ತಿ ವಿಷ ಒಳಗೆ ಕೂತಿರುತ್ತದೆ. ಗಾಳಿಗಿಂತ ಮೂರು ಪಟ್ಟಿಗೂ ಹೆಚ್ಚು ಭಾರ. ಹೊರಬಂದ ಮೇಲೂ ತಗ್ಗಿನಲ್ಲಿ, ಚರಂಡಿ ಪಕ್ಕದಲ್ಲಿ ನಿಲ್ಲುತ್ತದೆ.

ನಾವು ಮಾಡುವುದು ಹೀಗೆ. ಮೊದಲು ಸ್ಟಿಕ್ಕರ್ ಪೂರ್ತಿ ಓದುತ್ತೇವೆ. ಗ್ಯಾಸ್ ಹಾಕಿದ ದಿನ, ಗಂಟೆ ಇರುತ್ತದೆ. ಗಾಳಿಯಾಡಿಸಿದ ದಿನಾಂಕಕ್ಕೂ ಜಾಗ ಇರುತ್ತದೆ. ಆ ಜಾಗ ಖಾಲಿ ಇದ್ದರೆ ಗ್ಯಾಸ್ ಒಳಗೇ ಇದೆ ಅಂತಲೇ ತಿಳಿಯಬೇಕು. ಮೇಲಿನ ಸಣ್ಣ ಗಾಳಿಕಿಂಡಿ ನೋಡಿ, ಟೇಪ್ ಅಂಟಿಸಿದ್ದರೆ ಅದೂ ಒಂದು ಗುರುತು. ಸ್ಟಿಕ್ಕರ್ ಕಿತ್ತುಹೋದ ಕಂಟೇನರೂ ಬರುತ್ತದೆ, ಆಗ ಈ ಟೇಪ್ ನೋಡಿಯೇ ನಾನು ಎರಡು ಸಲ ಬಚಾವಾಗಿದ್ದೇನೆ.

ಬಾಗಿಲು ತೆಗೆಯಲು ಲೈಸೆನ್ಸ್ ಇರುವ ಏಜೆನ್ಸಿಯವರನ್ನೇ ಕರೆಸಿ. ಅವರು ಮುಖ ಪೂರ್ತಿ ಮುಚ್ಚುವ, ಬೇಗ ಆವಿಯಾಗುವ ಅನಿಲಗಳಿಗೆ ಅಂತಲೇ ಇರುವ ಎಎಕ್ಸ್ ಫಿಲ್ಟರಿನ ಮಾಸ್ಕ್ ಹಾಕುತ್ತಾರೆ. ಗ್ಯಾಸ್ ಜಾಸ್ತಿ ಇದ್ದರೆ ಬೆನ್ನಿಗೆ ಗಾಳಿ ಸಿಲಿಂಡರೇ ಬೇಕು. ನಿಮ್ಮಲ್ಲಿರುವ ಬಟ್ಟೆ ಮಾಸ್ಕ್, ಎನ್95 ಎಲ್ಲ ಧೂಳಿಗೆ. ಇದಕ್ಕೆ ಕಟ್ಟಿಕೊಂಡರೂ ಒಂದೇ, ಬಿಟ್ಟರೂ ಒಂದೇ.

"ಎಷ್ಟು ಹೊತ್ತು" ಅಂತ ಗಡಿಯಾರ ನೋಡಿ ಹೇಳಲು ಆಗುವುದಿಲ್ಲ. ಗ್ಯಾಸ್ ಅಳೆಯುವ ಮೀಟರ್ ಹೇಳಬೇಕು. ನಾವು 5 ಪಿಪಿಎಂಗಿಂತ (ಹತ್ತು ಲಕ್ಷ ಪಾಲು ಗಾಳಿಯಲ್ಲಿ ಐದು ಪಾಲು ಗ್ಯಾಸ್) ಕೆಳಗೆ ಬರದೆ ಯಾರನ್ನೂ ಒಳಗೆ ಬಿಡುವುದಿಲ್ಲ. ದಿನಾ ಇದರಲ್ಲೇ ಇರುವವರಿಗೆ 1 ಪಿಪಿಎಂ ದಾಟಬಾರದು ಅನ್ನುತ್ತಾರೆ. ಹಳಬರ ಹತ್ತಿರ ಹ್ಯಾಲೈಡ್ ದೀಪ ಇರುತ್ತದೆ, ಗ್ಯಾಸ್ ತಾಗಿದರೆ ಜ್ವಾಲೆ ಹಸಿರಾಗುತ್ತದೆ. ಸೋರಿಕೆ ಹುಡುಕಲು ಒಳ್ಳೆಯದು. ಆದರೆ 5 ಪಿಪಿಎಂ ಅಷ್ಟು ಕಡಿಮೆ ಗ್ಯಾಸನ್ನು ಅದು ತೋರಿಸುವುದಿಲ್ಲ.

ಇನ್ನೊಂದು ಮಾತು, ಇದನ್ನು ಯಾರೂ ಹೇಳಿಕೊಡುವುದಿಲ್ಲ. ಗೋಣಿಚೀಲ, ಬೀಜ ಎರಡೂ ಗ್ಯಾಸ್ ಹೀರಿಕೊಂಡು ನಿಧಾನಕ್ಕೆ ಬಿಡುತ್ತವೆ. ಬೆಳಿಗ್ಗೆ ಮೀಟರ್ ಸರಿ ತೋರಿಸಿತು ಅಂತ ಅರ್ಧ ಇಳಿಸಿ, ಊಟಕ್ಕೆ ಹೋಗುವಾಗ ಬಾಗಿಲು ಹಾಕಿದಿರಾ? ವಾಪಸ್ ಬಂದಾಗ ಮತ್ತೆ ಅಳೆಯಬೇಕು.

ಕೇಳಿದವರು

ಗ್ಲೌಸ್ ಕೊಡಿಸಿದ್ದೇನೆ ಸರ್, ರಬ್ಬರಿನದ್ದು.

ಗ್ಯಾಸ್ ಹಾಕುವವರು

ಚೀಲ ಇಳಿಸಲು ಪರವಾಗಿಲ್ಲ. ಸಿಲಿಂಡರ್ ಹತ್ತಿರ ಮಾತ್ರ ಬೇಡ. ಇದು 3.6 ಡಿಗ್ರಿಗೇ ಕುದಿಯುತ್ತದೆ, ಸಿಲಿಂಡರಿನಲ್ಲಿ ಒತ್ತಡದಿಂದ ದ್ರವವಾಗಿರುತ್ತದೆ. ಆ ದ್ರವ ಬರಿಗೈಗೆ ಬಿದ್ದರೆ ಬಹುಪಾಲು ಹಾರಿಹೋಗುತ್ತದೆ. ಗ್ಲೌಸ್, ಉಂಗುರ, ಶೂ ಒಳಗೆ ಸಿಕ್ಕಿಕೊಂಡರೆ ದೊಡ್ಡ ಬೊಬ್ಬೆ. ನನ್ನ ಎಡಗಾಲಿನ ಕಲೆ ಚರ್ಮದ ಶೂ ಬಿಚ್ಚಲು ತಡಮಾಡಿದ್ದರ ಫಲ.

ಲ್ಯಾಬ್ ಕೆಮಿಸ್ಟ್, ಬೆಂಗಳೂರು

ಅಣ್ಣ ಹೇಳಿದ್ದಕ್ಕೆ ಸ್ವಲ್ಪ ರಸಾಯನ ಸೇರಿಸುತ್ತೇನೆ. ಒಂದು ಕಾರ್ಬನ್, ಮೂರು ಹೈಡ್ರೋಜನ್, ಒಂದು ಬ್ರೋಮಿನ್, ಅಷ್ಟೇ ಇದರ ಅಣು. ಬ್ರೋಮಿನ್ ಸುಲಭವಾಗಿ ಕಳಚಿಕೊಳ್ಳುತ್ತದೆ, ಉಳಿದ ಮಿಥೈಲ್ ಗುಂಪು ಸಿಕ್ಕಿದ್ದಕ್ಕೆ ಹೋಗಿ ಅಂಟುತ್ತದೆ. ಕಾರ್ಖಾನೆಗಳಲ್ಲಿ ಬೇರೆ ಅಣುಗಳಿಗೆ ಮಿಥೈಲ್ ಜೋಡಿಸಲು ಬಳಸುವುದು ಈ ಗುಣಕ್ಕೇ. ನಮ್ಮ ದೇಹದ ಪ್ರೋಟೀನುಗಳಲ್ಲಿ ಗಂಧಕ ಇದೆಯಲ್ಲ, ಅಲ್ಲೂ ಹೋಗಿ ಅಂಟುತ್ತದೆ. ರಬ್ಬರ್, ಉಣ್ಣೆ, ಚರ್ಮದ ಸಾಮಾನಿಗೆ ಈ ಗ್ಯಾಸ್ ಹಾಕಬಾರದು ಅನ್ನುವುದೂ ಅದಕ್ಕೇ. ಗಂಧಕದ ಜೊತೆ ಸೇರಿ ಹೋಗದಂಥ ನಾತ ಹಿಡಿಯುತ್ತದೆ. ಅಲ್ಯೂಮಿನಿಯಂ ಪೈಪಿನಲ್ಲಿ ದ್ರವ ಹಾಯಿಸಬಾರದು, ಗಾಳಿ ತಾಗಿದರೆ ತಾನೇ ಹತ್ತಿಕೊಳ್ಳುವ ವಸ್ತು ಆಗುತ್ತದೆ. ತಮಾಷೆ ನೋಡಿ, ಒಂದು ಕಾಲದಲ್ಲಿ ಬೆಂಕಿ ಆರಿಸುವ ಸಿಲಿಂಡರಿನಲ್ಲೂ ಇದನ್ನೇ ತುಂಬುತ್ತಿದ್ದರು!

ಮೊದಲು ಲೋಡಿಂಗ್, ಈಗ ಲಾರಿ ಓಡಿಸುವವರು

ನನಗೆ ಆದದ್ದು ಹೇಳ್ತೇನೆ. ಮರದ ದಿಮ್ಮಿ ತುಂಬಿದ ಕಂಟೇನರ್, ಏಪ್ರಿಲ್ ಬಿಸಿಲು. ಒಂದು ಗಂಟೆ ಒಳಗಿದ್ದೆ. ತಲೆನೋವು ಬಂತು, ಬಿಸಿಲಿಗೆ ಅಂದುಕೊಂಡು ಮಜ್ಜಿಗೆ ಕುಡಿದೆ. ಸಂಜೆ ವಾಂತಿ. ರಾತ್ರಿ ಬಲ್ಬು ಎರಡೆರಡು ಕಾಣಿಸಿತು. ನನ್ನ ಮಾತು ತೊದಲುವುದು ನೋಡಿ ಹೆಂಡತಿ ಕುಡಿದಿದ್ದೇನೆ ಅಂದುಕೊಂಡಳು. ಆಸ್ಪತ್ರೆಯಲ್ಲೂ ಮೊದಲು ಬಿಸಿಲೇ ಅಂದರು. ಮರುದಿನ ಜೊತೆಯವನು ಬಾಗಿಲ ಸ್ಟಿಕ್ಕರಿನ ಫೋಟೋ ತಂದ ಮೇಲೆ ಗೊತ್ತಾಯಿತು. ಬೆರಳಿನ ಜೋಮು ಹೋಗಲು ನಾಲ್ಕು ತಿಂಗಳು ಹಿಡಿಯಿತು. ಇದಕ್ಕೆ ಪ್ರತಿಮದ್ದು ಇಲ್ಲವಂತೆ, ಬಂದ ತೊಂದರೆಗೆ ಚಿಕಿತ್ಸೆ ಅಷ್ಟೆ. ಬಾಗಿಲು ಮುಟ್ಟುವ ಮುಂಚೆ ಆ ಸ್ಟಿಕ್ಕರಿನ ಫೋಟೋ ತೆಗೆದಿಡಿ ಸರ್. ಯಾರಿಗಾದರೂ ತಲೆ ತಿರುಗಿದರೆ ಮನೆಗೆ ಕಳಿಸಬೇಡಿ, ಆಸ್ಪತ್ರೆಗೇ ಕರ್ಕೊಂಡು ಹೋಗಿ. ಶ್ವಾಸಕೋಶದಲ್ಲಿ ನೀರು ತುಂಬುವುದು ಗಂಟೆಗಳು ಕಳೆದ ಮೇಲೂ ಆಗಬಹುದು ಅಂತ ಡಾಕ್ಟರು ಹೇಳಿದ್ದರು.

ಕಾಫಿ ರಫ್ತಿನವರು, ಕೊಡಗು

ಇದನ್ನು ನಿಲ್ಲಿಸಿಲ್ಲವಾ ಅಂತ ಯಾರಾದರೂ ಕೇಳಬಹುದು. ಓಝೋನ್ ಪದರ ಹಾಳುಮಾಡುತ್ತದೆ ಅಂತ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಮುಂದುವರಿದ ದೇಶಗಳು 2005ಕ್ಕೆ, ನಮ್ಮಂಥವು 2015ಕ್ಕೆ ಉಳಿದ ಬಳಕೆ ನಿಲ್ಲಿಸಬೇಕಿತ್ತು. ಸರಕಿನ ಕ್ವಾರಂಟೈನ್ ಕೆಲಸಕ್ಕೆ, ಅಂದರೆ ಬೇರೆ ದೇಶದ ಹುಳ ಸರಕಿನ ಜೊತೆ ಬರದಂತೆ ತಡೆಯಲು, ವಿನಾಯಿತಿ ಇದೆ, ನಿಮ್ಮ ಬೀಜ ಬರುವುದು ಆ ದಾರಿಯಲ್ಲೇ. ಯುರೋಪಿಯನ್ ಒಕ್ಕೂಟದಲ್ಲಿ 2010ರಿಂದ ಅದೂ ಇಲ್ಲ. ನಾವು ಸರಕು ಇಡುವ ಮರದ ಪ್ಯಾಲೆಟ್ ತೆಗೆದುಕೊಳ್ಳುವಾಗ ಎಂಬಿ (ಮಿಥೈಲ್ ಬ್ರೋಮೈಡ್) ಮುದ್ರೆಯದ್ದು ಬಿಟ್ಟು ಎಚ್‌ಟಿ ಮುದ್ರೆಯದ್ದೇ ಕೇಳುತ್ತೇವೆ. ಅದು 56 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿದ ಮರ, ವಿಷದ ತಂಟೆ ಇಲ್ಲ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಯಜಮಾನರ ಹತ್ತಿರ ಮಾತಾಡಿದೆ. "ಇಷ್ಟು ವರ್ಷ ಏನಾಗಿದೆ?" ಅಂತ ಒಂದು ಸುತ್ತು ಬೈದು, ಕೊನೆಗೆ ಏಜೆನ್ಸಿ ಕರೆಸಲು ಒಪ್ಪಿದರು. ಇವತ್ತು ಬಂದ ಕಂಟೇನರ್ ಅಂಗಳದ ಆ ತುದಿಯಲ್ಲಿ ನಿಂತಿದೆ, ಸುತ್ತ ಹಗ್ಗ ಕಟ್ಟಿದ್ದೇವೆ. ಬಾಗಿಲು ತೆಗೆದು ಮೂರು ಗಂಟೆಯಾದ ಮೇಲೂ ಒಳಗಿನ ಮೂಲೆಯಲ್ಲಿ ಮೀಟರ್ 11 ಪಿಪಿಎಂ ತೋರಿಸುತ್ತಿತ್ತು. ಹುಡುಗರು ಈ ಕಡೆ ಚಹಾ ಕುಡಿಯುತ್ತ ಕೂತಿದ್ದಾರೆ. ಅದರಲ್ಲೊಬ್ಬ ಈಗಲೂ, "ವಾಸನೆಯೇ ಇಲ್ಲ ಅಲ್ವಾ ಸರ್" ಅಂತಿದ್ದಾನೆ.