ಸಹಾಯ ಬೇಕು: ಮಳೆಗಾಲಕ್ಕೆ ಮುಂಚೆ ಪೀಕ್ ಫ್ಲೋ ಮೀಟರ್, ಸ್ಪೇಸರ್

ಮಡಿಕೇರಿ, ಸೋಮವಾರಪೇಟೆ ಕಡೆ ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ಜೂನ್ ಹಿಡಿದರೆ ಗೋಡೆಗೆ ಬೂಷ್ಟು, ಕಂಬಳಿಯಲ್ಲಿ ಧೂಳಿನ ನುಸಿ. ಬೆಳಗಾದರೆ ಸಾಲುಸೀನು, ರಾತ್ರಿ ಕೆಮ್ಮು. ಮೂಗಿನ ಅಲರ್ಜಿ ಬೇರೆ, ಅಸ್ತಮಾ ಬೇರೆ ಅಂತ ಇವನ್ನು ಎರಡು ಕಾಯಿಲೆಯಾಗಿ ನೋಡುವುದೇ ತಪ್ಪು. ಮೂಗಿನಿಂದ ಶ್ವಾಸಕೋಶದವರೆಗೆ ದಾರಿ ಒಂದೇ. ಮೂಗು ಕಟ್ಟಿದರೆ ಬಾಯಲ್ಲಿ ಉಸಿರಾಟ. ಸೋಸದ ತಣ್ಣನೆ ಗಾಳಿ ನೇರವಾಗಿ ಕೆಳಗಿಳಿದು ಶ್ವಾಸಕೋಶದ ಉಸಿರುಕೊಳವೆಗಳನ್ನು ಕೆರಳಿಸುತ್ತದೆ.

ಬಳಸದೆ ಇಟ್ಟ ಪೀಕ್ ಫ್ಲೋ ಮೀಟರ್ (ಉಸಿರನ್ನು ಎಷ್ಟು ವೇಗವಾಗಿ ಊದುತ್ತೇವೆ ಅಂತ ಅಳೆಯುವ ಸಾಧನ) ಇದ್ದರೆ ದಯವಿಟ್ಟು ಕೊಡಿ. ಬಿಸಾಡುವ ಮೌತ್‌ಪೀಸ್‌ಗಳೂ ಬೇಕು, ಒಬ್ಬರದನ್ನು ಇನ್ನೊಬ್ಬರು ಬಾಯಿಗಿಡುವಂತಿಲ್ಲ. ನಿಂತು, ತುಟಿ ಬಿಗಿಹಿಡಿದು ಮೂರು ಸಲ ಜೋರಾಗಿ ಊದಬೇಕು. ಹೆಚ್ಚಿನ ಅಂಕಿಯನ್ನೇ ಬರೆಯಬೇಕು, ಬೆಳಗ್ಗೆ ಸಂಜೆ, 2 ವಾರ. ವಯಸ್ಕರಲ್ಲಿ ಒಂದೇ ದಿನದ ಬೆಳಗ್ಗೆ-ಸಂಜೆ ಅಂಕಿಗಳ ಏರಿಳಿತ ಸರಾಸರಿ ಶೇ. 10 ದಾಟಿದರೆ ಅಸ್ತಮಾ ಅನುಮಾನಿಸಿ ವೈದ್ಯರಿಗೆ ತೋರಿಸಬೇಕು.

ಸ್ಪೇಸರ್ (ಇನ್‌ಹೇಲರ್‌ಗೂ ಬಾಯಿಗೂ ನಡುವೆ ಇಟ್ಟು ಮದ್ದು ಎಳೆದುಕೊಳ್ಳುವ ಟೊಳ್ಳು ಕೊಳವೆ) ಸಿಗದಿದ್ದರೆ 500 ಮಿ.ಲೀ. ಪ್ಲಾಸ್ಟಿಕ್ ಬಾಟಲಿಯೂ ಆಗುತ್ತದೆ: ತಳದಲ್ಲಿ ಇನ್‌ಹೇಲರ್ ಬಾಯಿಯ ಅಳತೆಗೆ ತೂತು, ಸಂದಿಯಲ್ಲಿ ಗಾಳಿ ಸೋರಬಾರದು. ಕತ್ತರಿಸಿಕೊಡುವ ಕೈಗಳು ಬೇಕು.

ಮೂಗಿನ ಸ್ಟೀರಾಯ್ಡ್ ಸ್ಪ್ರೇ ತೋರಿಸಿಕೊಡಬಲ್ಲ ನರ್ಸ್‌ಗಳೂ ಬನ್ನಿ. ಬಲ ಹೊಳ್ಳೆಗೆ ಎಡಗೈ, ತುದಿ ಕಿವಿಯ ಕಡೆಗೆ. ಮೂಗಿನ ನಡುಗೋಡೆಗೆ ಹೊಡೆದರೆ ರಕ್ತ ಬರಬಹುದು, ಜನ ಹೆದರಿ ಬಿಟ್ಟುಬಿಡುತ್ತಾರೆ. ಪೂರ್ತಿ ಗುಣ ಕಾಣಲು 2 ವಾರವಾದರೂ ಬೇಕು. ಕೊಡುವವರು ಇಲ್ಲೇ ಊರಿನ ಹೆಸರು ಬರೆಯಿರಿ, ಬಂದು ತೆಗೆದುಕೊಳ್ಳುತ್ತೇವೆ.