2011ರ ಕಂಪ್ಯೂಟರಿನ ಯಾವ ಭಾಗಗಳನ್ನು ಹೊಸ ಮದರ್‌ಬೋರ್ಡಿನೊಂದಿಗೆ ಬಳಸಬಹುದು?

ಪ್ರಶ್ನೆ

ನನ್ನಲ್ಲಿ 2011ರಲ್ಲಿ ಜೋಡಿಸಿದ ಡೆಸ್ಕ್‌ಟಾಪ್ ಇದೆ: ಕೋರ್ ಐ5-2400 ಪ್ರೊಸೆಸರ್, 8 ಜಿಬಿ ಡಿಡಿಆರ್3 ರ್ಯಾಮ್, ರೇಡಿಯಾನ್ ಎಚ್‌ಡಿ 6670 ಗ್ರಾಫಿಕ್ಸ್ ಕಾರ್ಡ್, 450 ವ್ಯಾಟ್ ಎಸ್‌ಎಂಪಿಎಸ್ (ಎಲ್ಲ ಭಾಗಗಳಿಗೂ ವಿದ್ಯುತ್ ಒದಗಿಸುವ ಪೆಟ್ಟಿಗೆ), 1 ಟಿಬಿ ಹಾರ್ಡ್ ಡಿಸ್ಕ್ ಮತ್ತು ಆಮೇಲೆ ಸೇರಿಸಿದ ಸಾಟಾ ಎಸ್‌ಎಸ್‌ಡಿ (ಕೇಬಲ್ ಮೂಲಕ ಜೋಡಿಸುವ, ಹಾರ್ಡ್ ಡಿಸ್ಕಿಗಿಂತ ವೇಗದ ಡ್ರೈವ್). ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ; ವಿಂಡೋಸ್ 11ಕ್ಕೆ ಈ ಪ್ರೊಸೆಸರ್ ಅರ್ಹವಲ್ಲ. ಹಾಗಾಗಿ ರೈಜೆನ್ 5 7600, ಬಿ650 ಬೋರ್ಡ್ ಮತ್ತು ಡಿಡಿಆರ್5 ರ್ಯಾಮ್ ಕೊಳ್ಳಲು ತೀರ್ಮಾನಿಸಿದ್ದೇನೆ. ಉಳಿದದ್ದೆಲ್ಲ ಇನ್ನೂ ಕೆಲಸ ಮಾಡುತ್ತಿರುವಾಗ ಅದನ್ನು ಇ-ತ್ಯಾಜ್ಯಕ್ಕೆ ಹಾಕಲು ಮನಸ್ಸು ಒಪ್ಪುತ್ತಿಲ್ಲ. ಯಾವುದನ್ನು ಧೈರ್ಯವಾಗಿ ಉಳಿಸಿಕೊಳ್ಳಬಹುದು?

ಉತ್ತರ 1

ಕ್ಯಾಬಿನೆಟ್ಟನ್ನು ಖಂಡಿತ ಉಳಿಸಿಕೊಳ್ಳಿ. ಬೋರ್ಡು, ಕ್ಯಾಬಿನೆಟ್‌ಗಳ ಅಳತೆಯನ್ನು ನಿಗದಿಪಡಿಸುವ ಎಟಿಎಕ್ಸ್ ಮಾನದಂಡ 1995ರಿಂದ ಇದೆ, ಸ್ಕ್ರೂ ರಂಧ್ರಗಳ ಸ್ಥಾನ ಇಂದಿಗೂ ಅದೇ. ಆದರೆ ಹಳೆಯ ಬೋರ್ಡ್ ತೆಗೆದ ಮೇಲೆ ತಳದಲ್ಲಿರುವ ಹಿತ್ತಾಳೆಯ ಸ್ಟ್ಯಾಂಡಾಫ್‌ಗಳನ್ನು (ಬೋರ್ಡನ್ನು ಎತ್ತಿ ಹಿಡಿಯುವ ಗಿಡ್ಡ ಕಂಬಗಳನ್ನು) ಒಂದೊಂದಾಗಿ ಹೊಸ ಬೋರ್ಡಿನ ರಂಧ್ರಗಳಿಗೆ ಹೋಲಿಸಿ ನೋಡಿ. ರಂಧ್ರವಿಲ್ಲದ ಕಡೆ ಒಂದು ಉಳಿದುಬಿಟ್ಟರೂ ಅದು ಬೋರ್ಡಿನ ಹಿಂಬದಿಯ ಬೆಸುಗೆಗೆ ತಾಗಿ ಶಾರ್ಟ್ ಆಗಬಹುದು.

ನನ್ನ ಮುಖ್ಯ ಆಕ್ಷೇಪ ಎಸ್‌ಎಂಪಿಎಸ್ ಬಗ್ಗೆ. ಅದರ 24 ಪಿನ್ನಿನ ಕನೆಕ್ಟರ್ ಹೊಸ ಬೋರ್ಡಿಗೆ ಸಲೀಸಾಗಿ ಕೂರುತ್ತದೆ, ಯಂತ್ರ ಚಾಲೂ ಕೂಡ ಆಗಬಹುದು. ಹಾಗೆಂದ ಮಾತ್ರಕ್ಕೆ ಅದು ಯೋಗ್ಯವೆಂದು ತಿಳಿಯಬಾರದು. ಒಳಗಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳ ದ್ರವ ಶಾಖಕ್ಕೆ ವರ್ಷ ಕಳೆದಂತೆ ಒಣಗುತ್ತದೆ; ಆಗ ವೋಲ್ಟೇಜಿನ ಏರಿಳಿತವನ್ನು ತಡೆಯುವ ಶಕ್ತಿ ಕುಂದುತ್ತದೆ. ಇದಲ್ಲದೆ, ಈಗಿನ ಬೋರ್ಡುಗಳು ಬಹುಪಾಲು ವಿದ್ಯುತ್ತನ್ನು 12 ವೋಲ್ಟ್ ಮಾರ್ಗದಿಂದಲೇ ಎಳೆದುಕೊಳ್ಳುತ್ತವೆ, ನಿದ್ರಾಸ್ಥಿತಿಯಲ್ಲಿ ಆ ಹೊರೆಯನ್ನು ಬಹಳ ಕೆಳಕ್ಕೆ ಇಳಿಸುತ್ತವೆ. 2013ರಲ್ಲಿ ಇಂಟೆಲ್‌ನ ಹ್ಯಾಸ್‌ವೆಲ್ ಪ್ರೊಸೆಸರ್‌ಗಳು ಬಂದಾಗ ಹಲವು ಹಳೆಯ ಎಸ್‌ಎಂಪಿಎಸ್‌ಗಳು ಅಷ್ಟು ಕಡಿಮೆ ಹೊರೆಯನ್ನು ನಿಭಾಯಿಸಲಾರವು ಎಂಬ ಪ್ರಶ್ನೆ ಎದ್ದದ್ದು ಇದೇ ಕಾರಣಕ್ಕೆ. ಹಿಂಬದಿಯ ಜಾಲರಿಯ ಮೂಲಕ ಟಾರ್ಚ್ ಹಾಕಿ ನೋಡಿ: ಕೆಪಾಸಿಟರ್‌ನ ತಲೆ ಉಬ್ಬಿದ್ದರೆ ಅಥವಾ ಕಂದು ಬಣ್ಣದ ಕಲೆ ಹೆಪ್ಪುಗಟ್ಟಿದ್ದರೆ ಇನ್ನು ಯೋಚಿಸಬೇಕಾಗಿಲ್ಲ. ಎಲ್ಲವೂ ಸರಿಯಾಗಿ ಕಂಡರೂ ನಾನು ಬದಲಿಸಲೇ ಹೇಳುತ್ತೇನೆ, ಏಕೆಂದರೆ ಅದು ಕೆಟ್ಟಾಗ ತನ್ನೊಂದಿಗೆ ಹೊಸ ಬೋರ್ಡನ್ನೂ ಕೊಂಡೊಯ್ಯಬಲ್ಲದು. ಎಸ್‌ಎಂಪಿಎಸ್‌ನ ಪೆಟ್ಟಿಗೆಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ತೆಗೆದ ನಂತರವೂ ಒಳಗೆ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.

ಉತ್ತರ 2

ಎಸ್‌ಎಂಪಿಎಸ್ ಕುರಿತು ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ. ಡಿಡಿಆರ್3 ರ್ಯಾಮ್ ಹೊಸ ಬೋರ್ಡಿನಲ್ಲಿ ಕೂರುವುದೇ ಇಲ್ಲ: ಅದಕ್ಕೆ 240 ಪಿನ್, ಡಿಡಿಆರ್5ಕ್ಕೆ 288. ಹಳೆಯ ಬೋರ್ಡ್, ಪ್ರೊಸೆಸರ್, ರ್ಯಾಮ್ ಮೂರನ್ನೂ ಒಟ್ಟಿಗೇ ಇಡಿ. ಯಾರಿಗಾದರೂ ಕೊಡುವುದಾದರೂ ಹಾಗೆ ಕೊಟ್ಟರೆ ಮಾತ್ರ ಉಪಯೋಗ.

ಗ್ರಾಫಿಕ್ಸ್ ಕಾರ್ಡ್ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಗೆ ಹೊಂದುತ್ತದೆ. ಆದರೂ ಆ ಕಾಲದ ಕಾರ್ಡುಗಳ ಫರ್ಮ್‌ವೇರ್‌ನಲ್ಲಿ ಸಾಮಾನ್ಯವಾಗಿ ಯುಇಎಫ್‌ಐ (ಹಳೆಯ ಬಯೋಸ್‌ನ ಬದಲಿಗೆ ಬಂದ, ಯಂತ್ರವನ್ನು ಚಾಲೂ ಮಾಡುವ ವ್ಯವಸ್ಥೆ) ಬೆಂಬಲವಿಲ್ಲದ ಕಾರಣ, ಹೊಸ ಬೋರ್ಡ್ ಶುದ್ಧ ಯುಇಎಫ್‌ಐ ವಿಧಾನದಲ್ಲಿ ಬೂಟ್ ಆದಾಗ ಪರದೆ ಕಪ್ಪಾಗಿಯೇ ಉಳಿಯಬಹುದು. ರೈಜೆನ್ 5 7600ರಲ್ಲೇ ಗ್ರಾಫಿಕ್ಸ್ ಇದೆ, ಆಟಗಳನ್ನು ಬಿಟ್ಟರೆ ದಿನನಿತ್ಯದ ಕೆಲಸಕ್ಕೆ ಅದು ಸಾಕು. ಮಾನಿಟರ್ ವಿಜಿಎ ಮಾತ್ರ ಉಳ್ಳದ್ದಾದರೆ ಸಿಗ್ನಲ್ ಪರಿವರ್ತಿಸುವ ಅಡಾಪ್ಟರ್ ಬೇಕು, ಬರಿಯ ಕೇಬಲ್ ಸಾಲದು.

ಉತ್ತರ 3

ಎರಡೂ ಡ್ರೈವ್‌ಗಳನ್ನು ಉಳಿಸಿಕೊಳ್ಳಬಹುದು, ಆದರೆ ಮೊದಲು ಸ್ಮಾರ್ಟ್ ವರದಿ (ಡ್ರೈವ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ದಾಖಲೆ) ನೋಡಿ. ಹಾರ್ಡ್ ಡಿಸ್ಕಿನಲ್ಲಿ ಬದಲಿ ಸೆಕ್ಟರ್‌ಗಳ (ಕೆಟ್ಟದ್ದರ ಬದಲಿಗೆ ಬಳಕೆಗೆ ಬಂದ ತುಣುಕುಗಳ) ಅಥವಾ ಓದಲು ಬಾಕಿ ಉಳಿದ ಸೆಕ್ಟರ್‌ಗಳ ಸಂಖ್ಯೆ ಸೊನ್ನೆಗಿಂತ ಹೆಚ್ಚಿದ್ದು ಏರುತ್ತಲೇ ಇದ್ದರೆ ಮುಖ್ಯವಾದುದೇನನ್ನೂ ಅದರಲ್ಲಿ ಇಡಬೇಡಿ. ಸೊನ್ನೆ ಇದ್ದರೂ ಅದು ಎರಡನೆಯ ಪ್ರತಿಗೆ ಮಾತ್ರ ಇರಲಿ. ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಂಬಿ ಓದಬಲ್ಲದು, ಬೋರ್ಡಿಗೇ ನೇರವಾಗಿ ಕೂರುವ ಎನ್‌ವಿಎಂಇ ಎಸ್‌ಎಸ್‌ಡಿ ಅದಕ್ಕಿಂತ ಹಲವು ಪಟ್ಟು ವೇಗದ್ದು. ಹೊಸ ಎನ್‌ವಿಎಂಇ ಕೊಂಡು ವಿಂಡೋಸ್ ಅನ್ನು ಅದರ ಮೇಲೆ ಹೊಸದಾಗಿಯೇ ಸ್ಥಾಪಿಸಿ. ಆ ಸಮಯದಲ್ಲಿ ಹಳೆಯ ಡ್ರೈವ್‌ಗಳ ಕೇಬಲ್ ಕಿತ್ತಿಡಿ. ಇಲ್ಲವಾದರೆ ಬೂಟ್ ಪಾರ್ಟಿಷನ್ (ವಿಂಡೋಸ್ ಚಾಲೂ ಆಗಲು ಬೇಕಾದ ಭಾಗ) ಹಳೆಯ ಡಿಸ್ಕಿನಲ್ಲಿ ಕುಳಿತು, ಮುಂದೆ ಅದನ್ನು ತೆಗೆದ ದಿನ ಯಂತ್ರ ಏಳುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಹೊಸ ಎಸ್‌ಎಂಪಿಎಸ್ ಕೊಳ್ಳುತ್ತೇನೆ. ಹಳೆಯದರ ಕೇಬಲ್‌ಗಳನ್ನು ಬಿಡಿಸಬಹುದಾದ್ದರಿಂದ, ಡ್ರೈವ್‌ಗಳಿಗೆ ಈಗಾಗಲೇ ಜೋಡಿಸಿರುವ ಪವರ್ ಕೇಬಲ್‌ಗಳನ್ನು ಹಾಗೆಯೇ ಬಿಡಬಹುದೇ?

ಉತ್ತರ 1ರವರಿಂದ

ದಯವಿಟ್ಟು ಬಿಡಬೇಡಿ. ಡ್ರೈವ್ ಕಡೆಯ ತುದಿಗೆ ಮಾನದಂಡವಿದೆ, ಎಸ್‌ಎಂಪಿಎಸ್ ಕಡೆಯ ತುದಿಗೆ ಇಲ್ಲ. ಒಂದೇ ಕಂಪನಿಯ ಎರಡು ಮಾದರಿಗಳಲ್ಲೂ ಪಿನ್ನುಗಳ ಕ್ರಮ ಬೇರೆಯಾಗಿರಬಹುದು. 5 ವೋಲ್ಟ್ ಬರಬೇಕಾದ ತಂತಿಯಲ್ಲಿ 12 ವೋಲ್ಟ್ ಬಂದರೆ ಡ್ರೈವ್ ಆ ಕ್ಷಣವೇ ಸುಡುತ್ತದೆ, ಡೇಟಾ ಕೂಡ ಹೋಗುತ್ತದೆ. ಹೊಸ ಎಸ್‌ಎಂಪಿಎಸ್ ಜೊತೆ ಬಂದ ಪವರ್ ಕೇಬಲ್‌ಗಳನ್ನೇ ಹಾಕಿ. ಬೋರ್ಡಿನಿಂದ ಡ್ರೈವಿಗೆ ಹೋಗುವ ತೆಳು ಸಾಟಾ ಡೇಟಾ ಕೇಬಲ್‌ಗಳನ್ನು ಮಾತ್ರ ನಿಶ್ಚಿಂತೆಯಿಂದ ಮತ್ತೆ ಬಳಸಿ.